ಹಾಡಿನಲ್ಲೇ ಊರಿನ ಹೆಸರಿತ್ತು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಹನ್ನೆರಡು ವರ್ಷದಿಂದ ನಿಮ್ಮ ಚಂದಾದಾರ ನಾನು. ಪ್ರತಿ ಸಂಚಿಕೆಯಲ್ಲೂ ಯಾರೂ ಹೆಸರು ಕೇಳಿರದ ಗಿಟಾರ್ ಗಾಯಕರ ಹೊಸ ಆಲ್ಬಮ್‌ಗಳಿಗೆ ಒಂದು ಪುಟ ಮೀಸಲಿಡುತ್ತೀರಿ. ಕನ್ನಡ ಪತ್ರಿಕೆಗೆ ಅಮೆರಿಕದ ಹಳ್ಳಿ ಹಾಡಿನ ಗೊಡವೆ ಏಕೆ? ನನ್ನ ಮೊಬೈಲ್ ಪ್ರತಿ ಸೋಮವಾರ ನನಗೆ ಒಪ್ಪುವ ಮೂವತ್ತು ಹಾಡುಗಳನ್ನು ತಾನಾಗಿ ತಂದುಕೊಡುತ್ತದೆ. ಹುಡುಕುವ ಶ್ರಮ, ಇಡೀ ಆಲ್ಬಮ್ ಕೇಳುವ ತಾಳ್ಮೆ, ಅದಕ್ಕೆ ದುಡ್ಡು ಕೊಡುವ ಹಟ ಈಗ ಯಾರಿಗೆ ಬೇಕು? ಅಂದಹಾಗೆ, ನನ್ನ ಚಿಕ್ಕಪ್ಪನ ಮಗ ಮತ್ತು ಅವನ ಮೂವರು ಗೆಳೆಯರು ಆರು ಹಾಡುಗಳನ್ನು ಧ್ವನಿಮುದ್ರಿಸಿದ್ದಾರೆ. ಯಾರೂ ಕೇಳಿದಂತಿಲ್ಲ."

ಆತ್ಮೀಯರೇ,

ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ನನ್ನ ಹರೆಯದಲ್ಲಿ ಹೊರದೇಶದ ಒಂದು ಕ್ಯಾಸೆಟ್ಟಿಗಾಗಿ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸಬೇಕಿತ್ತು. ಇಂದು ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಕುಳಿತವರಿಗೂ ಲೋಕದ ಸಂಗೀತ ಕೈಗೆಟಕುತ್ತದೆ. ಒಳ್ಳೆಯದೇ ಆಯಿತು. ಆದರೆ ನಿಮ್ಮ ಪತ್ರದಲ್ಲಿ 'ತಾನಾಗಿ' ಎಂಬ ಒಂದು ಪದವಿದೆಯಲ್ಲ, ನನ್ನ ತಕರಾರು ಇರುವುದು ಅದರ ಮೇಲೆ.

ಮಿಸಿಸಿಪ್ಪಿಯ ಜಾನ್ ಹರ್ಟ್ ಅವರ ಕಥೆ ಕೇಳಿ. ಹೊಲದಲ್ಲಿ ದುಡಿಯುತ್ತಿದ್ದ ಈ ಕಪ್ಪು ಗಾಯಕ 1928ರಲ್ಲಿ ಒಂದು ಕಂಪನಿಗೆ ಕೆಲವು ಹಾಡುಗಳನ್ನು ಹಾಡಿಕೊಟ್ಟರು. ಗ್ರಾಮಫೋನ್ ತಟ್ಟೆಗಳು ಅಷ್ಟಾಗಿ ಮಾರಾಟವಾಗಲಿಲ್ಲ. ಹರ್ಟ್ ಊರಿಗೆ ಮರಳಿ ಮತ್ತೆ ಹೊಲಕ್ಕಿಳಿದರು. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ತನ್ನ ಬಳಿಯಿದ್ದ ಹಳೆಯ ತಟ್ಟೆಗಳಿಂದ 84 ಹಾಡುಗಳನ್ನು ಆರಿಸಿದಾಗ ಅದರಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಹೊಸ ತಲೆಮಾರಿನ ಹುಡುಗರು ಅವನ್ನು ಕೇಳಿ ಬೆರಗಾದರು, ಆದರೆ ಆ ದನಿಯ ಒಡೆಯ ಎಲ್ಲಿದ್ದಾನೆ, ಬದುಕಿದ್ದಾನೆಯೇ ಎಂಬುದು ಅವರಿಗೆ ತಿಳಿದಿರಲಿಲ್ಲ. ಹರ್ಟ್ ಅವರ ಮತ್ತೊಂದು ತಟ್ಟೆಯಲ್ಲಿ ಅವಲಾನ್ ತನ್ನೂರು, ಅದು ಸದಾ ಮನಸ್ಸಿನಲ್ಲಿರುತ್ತದೆ ಎಂಬ ಸಾಲಿತ್ತು. ಆಗಿನ ನಕಾಶೆಗಳಲ್ಲಿ ಅಂಥ ಊರೇ ಇರಲಿಲ್ಲ. ಒಂದು ಹಳೆಯ ಭೂಪಟದಲ್ಲಿ ಅದು ಚಿಕ್ಕ ಚುಕ್ಕೆಯಾಗಿ ಸಿಕ್ಕಿತು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ ಆ ಚುಕ್ಕೆಯನ್ನೇ ನಂಬಿ ಹೊರಟ. ಅವಲಾನ್‌ನಲ್ಲಿ ವಿಚಾರಿಸಿದಾಗ ಜನ ಮನೆ ತೋರಿಸಿದರು. ಎಪ್ಪತ್ತರ ಆಸುಪಾಸಿನ ಹರ್ಟ್ ಅಲ್ಲಿದ್ದರು. ಇವರೇ ಅವರು ಎಂದು ಖಾತ್ರಿ ಮಾಡಿಕೊಳ್ಳಲು ಯುವಕ ಗಿಟಾರ್ ಕೊಟ್ಟು ನುಡಿಸಿ ಎಂದ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಅದೇ ವರ್ಷ ನ್ಯೂಪೋರ್ಟ್ ಜನಪದ ಸಂಗೀತೋತ್ಸವದ ವೇದಿಕೆಯಲ್ಲಿ ಅವರು ಹಾಡಿದರು. 1966ರಲ್ಲಿ ತೀರಿಕೊಳ್ಳುವ ಮೊದಲು ಹೊಸ ಆಲ್ಬಮ್‌ಗಳನ್ನೂ ಕೊಟ್ಟುಹೋದರು.

ಮೂವತ್ತೈದು ವರ್ಷ ಆ ಊರಿನ ಹೆಸರು ಹಾಡಿನಲ್ಲೇ ಇತ್ತು. ಅದನ್ನು ಸಾಲಿನೊಳಗಿಂದ ಹೆಕ್ಕಿ ಗಾಡಿ ಹತ್ತಲು ಒಬ್ಬ ಮನುಷ್ಯ ಬೇಕಾಯಿತು.

ಇನ್ನೊಂದು ಕಥೆ ನನಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರಲ್ಲಿ ಒಬ್ಬ ಪತ್ರಕರ್ತನಿದ್ದಾನೆ, ಒಬ್ಬ ಅಂಚೆಯವನೂ ಇದ್ದಾನೆ. 1970ರ ಶಿಕಾಗೋ. ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಚಿತ್ರ ನೋಡಲು ಕುಳಿತಿದ್ದರು. ಪಾಪ್‌ಕಾರ್ನ್‌ನಲ್ಲಿ ಉಪ್ಪು ಹೆಚ್ಚಾಗಿ ಬಾಯಾರಿತು. ಅರ್ಧಕ್ಕೇ ಎದ್ದು ಬಿಯರ್ ಕುಡಿಯಲು ಸಮೀಪದ ಒಂದು ಸಣ್ಣ ಕ್ಲಬ್ಬಿಗೆ ಹೋದರು. ಅಲ್ಲಿ ಹಗಲು ಮನೆಮನೆಗೆ ಕಾಗದ ಹಂಚಿ ರಾತ್ರಿ ಹಾಡುವ ಯುವಕನೊಬ್ಬ ಗಿಟಾರ್ ಹಿಡಿದು ನಿಂತಿದ್ದ. ಹೆಸರು ಜಾನ್ ಪ್ರೈನ್. ಈಬರ್ಟ್ ಸಂಗೀತ ವಿಮರ್ಶಕರೇನೂ ಆಗಿರಲಿಲ್ಲ. ಆದರೂ ತಮ್ಮ ಪತ್ರಿಕೆಯಲ್ಲಿ ಆ ಹಾಡುವ ಅಂಚೆಯವನ ಬಗ್ಗೆ ಬರೆದರು. ಪ್ರೈನ್ ಬಗ್ಗೆ ಅಚ್ಚಾದ ಮೊದಲ ವಿಮರ್ಶೆ ಅದೇ. ಮರುವರ್ಷ ಅವರ ಮೊದಲ ಆಲ್ಬಮ್ ಬಂತು.

ಮುಂದೆ ನಡೆದದ್ದು ಇನ್ನೂ ಚೆನ್ನಾಗಿದೆ. ದೊಡ್ಡ ಕಂಪನಿಗಳ ಸಹವಾಸ ಸಾಕಾಗಿ ಪ್ರೈನ್ 1981ರಲ್ಲಿ ಗೆಳೆಯರ ಜೊತೆ 'ಓ ಬಾಯ್' ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಇನ್ನೂ ಮಾಡಿಯೇ ಇರದ ಆಲ್ಬಮ್‌ಗೆ ಕೇಳುಗರು ಮುಂಗಡವಾಗಿ ಚೆಕ್ ಕಳುಹಿಸಿದರು, ಅದೂ ಅಂಚೆಯಲ್ಲಿ! 1991ರಲ್ಲಿ ಆ ಸ್ವಂತ ಸಂಸ್ಥೆಯಿಂದಲೇ ಹೊರಬಂದ ಆಲ್ಬಮ್‌ಗೆ ಗ್ರ್ಯಾಮಿ ಬಂತು. ನೀವು 'ದುಡ್ಡು ಕೊಡುವ ಹಟ' ಎಂದಿರಲ್ಲ, ಆ ಹಟದಿಂದ ಒಬ್ಬ ಕವಿ ಯಾರ ಹಂಗೂ ಇಲ್ಲದೆ ಕೊನೆಯವರೆಗೆ ತನ್ನ ಹಾಡನ್ನು ತಾನು ಹಾಡಿದ.

ನಿಮ್ಮ ಮೊಬೈಲ್ ಸೋಮವಾರ ಕೊಡುವ ಮೂವತ್ತು ಹಾಡುಗಳಲ್ಲಿ ಇಂಥದ್ದು ನಡೆಯುವುದು ಕಷ್ಟ. ನೀವು ನಿನ್ನೆ ಕೇಳಿದ್ದನ್ನು ನೋಡಿ, ನಿಮ್ಮಂಥವರು ಕೇಳಿದ್ದನ್ನು ನೋಡಿ, ಅದರ ಅಕ್ಕಪಕ್ಕದ್ದನ್ನು ಅದು ಬಡಿಸುತ್ತದೆ. ಬಾಯಾರಿಕೆಯಾಗಿ ಬೇರೆ ಬೀದಿಗೆ ತಿರುಗುವುದು ಅದಕ್ಕೆ ತಿಳಿಯದು.

ಮೈಸೂರಿನಲ್ಲಿ ಓದುತ್ತಿದ್ದಾಗ ನಾನು ಕ್ಯಾಸೆಟ್ ಕೊಳ್ಳುತ್ತಿದ್ದ ಅಂಗಡಿಯೊಂದಿತ್ತು. ಇಬ್ಬರು ನಿಂತರೆ ತುಂಬುವಷ್ಟು ಜಾಗ. ಒಂದು ಸಂಜೆ ಸಿನಿಮಾ ಹಾಡಿನ ಕ್ಯಾಸೆಟ್ ಕೇಳಿದೆ. ಅಂಗಡಿಯವರು ನನ್ನನ್ನು ಒಂದು ಕ್ಷಣ ನೋಡಿ, ಹಿಂದಿನ ಸಾಲಿನಿಂದ ಬೇರೊಂದನ್ನು ತೆಗೆದು, ಪಂಚೆಯ ಅಂಚಿನಿಂದ ಧೂಳು ಒರೆಸಿ ಕೈಗಿತ್ತರು. "ಎರಡನೇ ಬದಿಯನ್ನು ಮೊದಲು ಕೇಳಪ್ಪ. ಹಿಡಿಸದಿದ್ದರೆ ವಾಪಸ್ ತಂದುಕೊಡು, ಸಿನಿಮಾದ್ದು ಕೊಡುತ್ತೇನೆ." ಅದು ಬ್ಲೂಸ್, ಅಮೆರಿಕದ ಕಪ್ಪು ಜನರ ಸಂಗೀತ. ಮೊದಲ ರಾತ್ರಿ ನನಗೆ ಏನೇನೂ ಹಿಡಿಸಲಿಲ್ಲ. ಮರುದಿನ ಆ ಬೀದಿಯಲ್ಲಿ ಹೋಗುವಾಗ ಅವರು ಒಳಗಿನಿಂದಲೇ ಕೂಗಿ ಕೇಳಿದರು: "ಮೂರನೇ ಹಾಡಿಗೆ ಬಂದೆಯಾ?" ನಾಚಿಕೆಯಾಗಿ ಮನೆಗೆ ಹೋಗಿ ಮತ್ತೆ ಹಾಕಿದೆ. ಮೂರನೇ ಹಾಡಿನ ನಡುವೆ ಗಾಯಕ ಮಾತು ನಿಲ್ಲಿಸಿ, ಉಳಿದ ಸಾಲನ್ನು ಗಿಟಾರಿನ ತಂತಿಯಿಂದಲೇ ಮುಗಿಸಿದ. ಆ ಕ್ಯಾಸೆಟ್ಟನ್ನು ನಾನು ವಾಪಸ್ ಕೊಡಲಿಲ್ಲ. ನಷ್ಟವಾದರೂ ಸರಿ, ಈ ಹುಡುಗ ಇದನ್ನು ಕೇಳಬೇಕು ಎಂದು ತನ್ನ ಗಲ್ಲಾಪೆಟ್ಟಿಗೆಯನ್ನೇ ಪಣವಿಟ್ಟ ಆ ಮನುಷ್ಯನ ಋಣ ನನ್ನ ಮೇಲಿದೆ. ನಿಮಗೆ ಒಪ್ಪದ ಹಾಡನ್ನು ಇನ್ನೊಮ್ಮೆ ಕೇಳಿ ಎಂದು ನಿಮ್ಮ ಮೊಬೈಲ್ ಎಂದಾದರೂ ಒತ್ತಾಯಿಸಿದೆಯೇ?

ಇಡೀ ಆಲ್ಬಮ್ ಏಕೆ ಎಂದು ಕೇಳಿದ್ದೀರಿ. ಅಮೆರಿಕದ ಗಾಯಕಿ ಗಿಲಿಯನ್ ವೆಲ್ಚ್ ಮತ್ತು ಗಿಟಾರ್ ವಾದಕ ಡೇವಿಡ್ ರಾಲಿಂಗ್ಸ್ ಜೋಡಿ 2001ರಲ್ಲಿ ಸ್ವಂತ ಸಂಸ್ಥೆಯಿಂದ ಹೊರತಂದ 'ಟೈಮ್ (ದಿ ರೆವಲೇಟರ್)' ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಎರಡು ಕಂಠ, ತಂತಿವಾದ್ಯಗಳು, ಹತ್ತು ಹಾಡು. ಡ್ರಮ್ಸ್ ಇಲ್ಲ. ರಾಲಿಂಗ್ಸ್ ಕೈಯಲ್ಲಿರುವುದು 1935ರ ಒಂದು ಹಳೆಯ ಎಪಿಫೋನ್ ಗಿಟಾರ್. ಐದನೆಯ ಹಾಡು ಏಪ್ರಿಲ್ 14ರ ಬಗ್ಗೆ. ನಮಗದು ಅಂಬೇಡ್ಕರ್ ಜಯಂತಿ, ಅಮೆರಿಕದವರ ನೆನಪಿನಲ್ಲಿ ಅದು ಕೇಡಿನ ದಿನ. 1865ರ ಆ ದಿನ ಲಿಂಕನ್‌ಗೆ ಗುಂಡು ಬಿತ್ತು. 1912ರ ಆ ರಾತ್ರಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. 1935ರ ಆ ಭಾನುವಾರ ಬಯಲು ಸೀಮೆಯ ಹೊಲಗಳ ಮೇಲೆ ಧೂಳಿನ ಬಿರುಗಾಳಿ ಕವಿದು ಹಗಲೇ ಕತ್ತಲಾಯಿತು. ಈ ಮಹಾ ದುರಂತಗಳ ನಡುವೆ ವೆಲ್ಚ್ ಒಂದು ಪುಟ್ಟ ದುರಂತವನ್ನು ತಂದಿಡುತ್ತಾರೆ. ಎರಡು ಡಾಲರ್ ಟಿಕೆಟ್, ಒಂದೇ ರಾತ್ರಿ ಐದು ಬ್ಯಾಂಡ್, ಬಾಗಿಲಲ್ಲಿ ಐಡಹೋ ರಾಜ್ಯದಿಂದ ಬಂದು ನಿಂತ ಒಂದು ವ್ಯಾನ್. ಅರ್ಧ ಟ್ಯಾಂಕ್ ಪೆಟ್ರೋಲಿನ ದುಡ್ಡೂ ಹುಟ್ಟುವುದಿಲ್ಲ. ಸ್ಥಳೀಯ ಪತ್ರಿಕೆಯಿಂದ ಒಬ್ಬರೂ ಬಂದಿಲ್ಲ.

ಆ ಸಾಲು ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದು ಈಗಲೂ ನೆನಪಿದೆ. ಈ ಪತ್ರಿಕೆಯಲ್ಲಿ ಆಲ್ಬಮ್‌ಗಳ ಪುಟ ಶುರುವಾದದ್ದು ಅದಾದ ಮೇಲೆ.

ಮುಂದೆ ಕೇಳಿ. ಎರಡು ಹಾಡುಗಳು ಬೇರೆ ದಿಕ್ಕಿಗೆ ಹೋಗುತ್ತವೆ. ಎಂಟನೆಯ ಹಾಡಿನಲ್ಲಿ ಅದೇ ಏಪ್ರಿಲ್ 14 ಮತ್ತೆ ಬರುತ್ತದೆ, ಈ ಬಾರಿ ಬೇರೆ ನಡೆಯಲ್ಲಿ, ಹೆಚ್ಚು ಒರಟಾಗಿ. ಮುಗಿಯಿತು ಅಂದುಕೊಂಡ ನೋವು ಒಳಗೇ ಹರಿಯುತ್ತಿತ್ತು ಎಂದು ಆಗ ತಿಳಿಯುತ್ತದೆ. ಒಂಬತ್ತನೆಯದು ಸಂಗೀತವೆಲ್ಲ ಪುಕ್ಕಟೆಯಾದ ಕಾಲದಲ್ಲಿ ಹಾಡುಗಾರ್ತಿಯೊಬ್ಬಳ ಮನಸ್ಸು. ಹತ್ತನೆಯದು ಹದಿನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ, ಅವಸರವೇ ಇಲ್ಲದೆ, ರಾತ್ರಿ ಬಸ್ಸಿನ ಕಿಟಕಿಯಾಚೆಯ ದೀಪಗಳ ಹಾಗೆ ಸರಿಯುತ್ತದೆ. ಐದನೆಯ ಹಾಡೊಂದನ್ನೇ ಮೂವತ್ತು ಹಾಡುಗಳ ನಡುವೆ ತುರುಕಿ ಕೊಟ್ಟರೆ ಎಂಟನೆಯದಕ್ಕೆ ಬಾಗಿಲು ತೆರೆಯುವುದು ಹೇಗೆ? ಯಕ್ಷಗಾನ ಪ್ರಸಂಗದ ನಡುವಿನ ಒಂದು ಪದ್ಯ ಮಾತ್ರ ಕೇಳಿ ಎದ್ದುಹೋದವರಿಗೆ ನೀವು ಏನು ಹೇಳುತ್ತೀರಿ?

ದುಡ್ಡಿನ ವಿಷಯಕ್ಕೆ ಬರೋಣ. 2024ರಿಂದ ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್‌ನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಬಾರಿ ಕೇಳಿಸಿಕೊಳ್ಳದ ಹಾಡಿಗೆ ಗೌರವಧನದ ಲೆಕ್ಕವೇ ಇಲ್ಲ. ಒಂಬೈನೂರು ಸಲ ಕೇಳಿದರೂ ಸೊನ್ನೆ. ಇದಕ್ಕೆ ವಿರುದ್ಧವಾಗಿ, ಕಲಾವಿದರ ಹಾಡುಗಳನ್ನು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಮ್ ಕೊಂಡರೆ ಸಂಸ್ಥೆ ಶೇಕಡಾ 15ರಷ್ಟು ಹಿಡಿದುಕೊಂಡು, ಹಣ ಪಾವತಿಯ ವೆಚ್ಚ ಕಳೆದು ಮಿಕ್ಕಿದ್ದನ್ನು ಕಲಾವಿದರಿಗೆ ಕೊಡುತ್ತದೆ. ಕೋವಿಡ್ ಬಂದು ಸಂಗೀತ ಕಛೇರಿಗಳೆಲ್ಲ ನಿಂತಾಗ, 2020ರ ಮಾರ್ಚ್ 20ರ ಶುಕ್ರವಾರ, ತನ್ನ ಪಾಲನ್ನೇ ಬಿಟ್ಟುಕೊಟ್ಟಿತು. ಆ ಪರಿಪಾಠ ಆಮೇಲೂ ಎಷ್ಟೋ ಶುಕ್ರವಾರಗಳಲ್ಲಿ ಮುಂದುವರಿಯಿತು. ಆ ಸಂಸ್ಥೆಯೂ 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಕೈ ಬದಲಾಯಿಸಿತು, ಸಿಬ್ಬಂದಿಯ ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಅದಕ್ಕೇ ಹೇಳುತ್ತೇನೆ, ಇಂಥ ಅಂಗಡಿಗಳು ಇರುವಾಗಲೇ ಅಲ್ಲಿ ವ್ಯಾಪಾರ ಮಾಡಿ.

ಅಮೆರಿಕದ ಹಾಡಿನ ಗೊಡವೆ ನಮಗೇಕೆ ಎಂದಿರಿ. ಅಲ್ಲಿಯವರು ರೂಟ್ಸ್ ಎಂದು ಕರೆಯುವುದು ಜನಪದ, ಬ್ಲೂಸ್, ಕಂಟ್ರಿ ಎನ್ನುವ ಹಳ್ಳಿಗಾಡಿನ ಹಳೆಯ ಹಾಡುಗಳ ಬೇರಿನಿಂದ ಚಿಗುರುವ ಸಂಗೀತವನ್ನು. ಆ ಬೇರು ನಮಗೆ ಹೊಸದೇನಲ್ಲ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರ ತತ್ವಪದ ಹಾಡಿದಾಗ ನಡೆದದ್ದು ಇದೇ. ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು, ಅದಕ್ಕೆ ಮೊದಲು ವರ್ಷಗಟ್ಟಲೆ ಕಂಪನಿಗಳು ಬಾಗಿಲು ಹಾಕಿದ್ದವು. ಕೊನೆಗೆ ಮುಂಬೈಯ ಒಂದು ಕಾರ್ಯಕ್ರಮದಲ್ಲಿ ಅವರ ಹಾಡನ್ನು ಎದುರೇ ಕೇಳಿದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಅದನ್ನು ಹೊರತಂದರು. ಮತ್ತೆ ಅದೇ ಕಥೆ ನೋಡಿ: ಕೇಳಿದವರು ಎದ್ದು ಹೋಗಿ ಮಾತನಾಡಿಸಿದರು. ಬೆಂಗಳೂರಿನ ಬ್ಯಾಂಡ್‌ಗಳಾದ ಸ್ವರಾತ್ಮ, 1996ರಿಂದ ನುಡಿಸುತ್ತ ಬಂದಿರುವ ಥರ್ಮಲ್ ಅಂಡ್ ಎ ಕ್ವಾರ್ಟರ್, ಇವರ ಆಲ್ಬಮ್‌ಗಳನ್ನು ಶುರುವಿನಿಂದ ಕೊನೆಯವರೆಗೆ ಕೇಳಿದ ಕನ್ನಡ ಓದುಗರು ಎಷ್ಟು ಮಂದಿ?

ಇಲ್ಲಿ ನನ್ನ ಬಹುಕಾಲದ ಸಂಕಟವೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆ. ನನಗೆ ಕಾರು ಬಂದಿತ್ತು. ಅದೇ ವೇದಿಕೆಯಲ್ಲಿ ನುಡಿಸಲು ನಾಲ್ವರು ಹುಡುಗರು ಡ್ರಮ್ಸ್, ಆಂಪ್ಲಿಫೈಯರ್ ಎಲ್ಲ ಹೇರಿಕೊಂಡು ಗೂಡ್ಸ್ ಟೆಂಪೋದಲ್ಲಿ ಬಂದಿದ್ದರು. ಶಾಮಿಯಾನಕ್ಕೆ, ಹೂವಿನ ಅಲಂಕಾರಕ್ಕೆ, ಶಾಲು-ಹಣ್ಣಿನ ಬುಟ್ಟಿಗೆ ದುಡ್ಡಿತ್ತು. ಆ ಹುಡುಗರ ಟೆಂಪೋ ಬಾಡಿಗೆಗೆ ಇರಲಿಲ್ಲ. 'ಪ್ರಚಾರ ಸಿಗುತ್ತದಲ್ಲ' ಎಂದರು ಸಂಘಟಕರು. ನಿರೂಪಕರು ಬ್ಯಾಂಡಿನ ಹೆಸರನ್ನೂ ತಪ್ಪಾಗಿ ಓದಿದರು. ಅಡುಗೆಯವರಿಗೆ, ಮೈಕ್ ಸೆಟ್ಟಿನವರಿಗೆ ಈ ಮಾತು ಹೇಳುವ ಧೈರ್ಯ ಯಾರಿಗಿದೆ? ಹಾಡುವವರಿಗೆ ಮಾತ್ರ ಹೇಳುತ್ತೇವೆ. ಭಾವಗೀತೆಯ ಕ್ಯಾಸೆಟ್ಟುಗಳಲ್ಲಾದರೂ ಒಳಗಿನ ಮಡಿಚಿದ ಕಾಗದದ ಮೇಲೆ ಕೊಳಲು ಯಾರದು, ತಬಲಾ ಯಾರದು ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓದುತ್ತಿದ್ದೆವು. ಇಂದು ಪರದೆಯ ಮೇಲೆ ಒಂದು ಚಿತ್ರ, ಒಂದು ಹೆಸರು, ಅಷ್ಟೇ.

ನ್ಯೂಯಾರ್ಕಿನಲ್ಲಿ ಮೋಸೆಸ್ ಆಶ್ ಎಂಬವರು 1948ರಲ್ಲಿ ಫೋಕ್‌ವೇಸ್ ಎಂಬ ಧ್ವನಿಮುದ್ರಣ ಸಂಸ್ಥೆ ಶುರುಮಾಡಿದರು. ಹ್ಯಾರಿ ಸ್ಮಿತ್ ಆರಿಸಿದ ಆ 84 ಹಾಡುಗಳನ್ನು ಹೊರತಂದದ್ದು ಇವರೇ. ಆಶ್ ತೀರಿಕೊಂಡ ಮೇಲೆ 1987ರಲ್ಲಿ ಅಮೆರಿಕದ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ ಅದನ್ನು ವಹಿಸಿಕೊಂಡಾಗ ಇದ್ದ ಷರತ್ತು ಏನು ಗೊತ್ತೇ? 2,168 ಆಲ್ಬಮ್‌ಗಳಲ್ಲಿ ಒಂದನ್ನೂ ಮಾರುಕಟ್ಟೆಯಿಂದ ಕೈಬಿಡಬಾರದು, ಮಾರಾಟವಾಗಲಿ ಬಿಡಲಿ. ನಮ್ಮ ಹಳೆಯ ಕ್ಯಾಸೆಟ್ಟುಗಳು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬೀಳುವುದನ್ನು ಕಂಡಾಗಲೆಲ್ಲ ನನಗೆ ಆ ಷರತ್ತು ನೆನಪಾಗುತ್ತದೆ.

ಈಗ ನಿಮ್ಮ ಮೇಲಿನ ನನ್ನ ನಿಜವಾದ ಆಕ್ಷೇಪ. ಇಷ್ಟುದ್ದದ ಪತ್ರ ಬರೆದು ಮುಖ್ಯವಾದದ್ದನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ನಿಮ್ಮ ಚಿಕ್ಕಪ್ಪನ ಮಗ ಮತ್ತು ಗೆಳೆಯರ ಆರು ಹಾಡುಗಳಿಗೆ ಏನು ಹೆಸರಿಟ್ಟಿದ್ದಾರೆ? ಯಾವ ಭಾಷೆಯಲ್ಲಿವೆ? ಎಲ್ಲಿ ಸಿಗುತ್ತವೆ? 'ಯಾರೂ ಕೇಳಿದಂತಿಲ್ಲ' ಎನ್ನುತ್ತೀರಿ, ನೀವು ಕೇಳಿದಿರಾ? ಆರನ್ನೂ ಒಂದೇ ಬಾರಿಗೆ, ಅವರು ಜೋಡಿಸಿದ ಕ್ರಮದಲ್ಲಿ? ಒಮ್ಮೆ ಹಾಗೆ ಕೇಳಿ. ಆಮೇಲೆ ಒಂದು ಕಾರ್ಡಿನಲ್ಲಿ ಆಲ್ಬಮ್ಮಿನ ಹೆಸರು, ನಾಲ್ವರ ಹೆಸರು, ಯಾರು ಏನು ನುಡಿಸಿದ್ದಾರೆ ಎಂಬುದನ್ನು ಬಿಡಿಸಿ ಬರೆದು ಕಳುಹಿಸಿ. ಬೆಲೆ ಎಷ್ಟೆಂದೂ ತಿಳಿಸಿ. ಮುಂದಿನ ಸಂಚಿಕೆಯ ಆ ಪುಟವನ್ನು ಈ ತಿಂಗಳ ಇಪ್ಪತ್ತರವರೆಗೆ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ