ಬಯಲಾಟದ ವಿಡಿಯೊ ಯಾರ ಸೊತ್ತು?

ಪ್ರಶ್ನೆ: ನಮ್ಮೂರಿನಲ್ಲಿ ನಡೆದ ಹರಕೆಯ ಯಕ್ಷಗಾನ ಬಯಲಾಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದ್ದೆ. ವೇಷಧಾರಿಯೊಬ್ಬರು ದೂರು ಕೊಟ್ಟಿದ್ದರಿಂದ ಅದು ಈಗ ಅಲ್ಲಿಲ್ಲ. ಕಥೆ ಮಹಾಭಾರತದ್ದು, ಪದ್ಯಗಳು ಹಳೆಯವು, ಆಟಕ್ಕೆ ಟಿಕೆಟ್ ಇರಲಿಲ್ಲ, ನಾನು ಹಣ ಮಾಡಿಕೊಂಡಿಲ್ಲ. ಯಾರಿಂದಲೂ ಏನನ್ನೂ ಕಿತ್ತುಕೊಳ್ಳದಿರುವಾಗ ನನ್ನ ತಪ್ಪೇನು?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಒಬ್ಬ ಉಳುತ್ತಿರುವ ಗದ್ದೆಯನ್ನು ಅದೇ ಹೊತ್ತಿಗೆ ಇನ್ನೊಬ್ಬ ಉಳಲಾರ. ಪದ್ಯವನ್ನಾದರೋ ಸಾವಿರ ಮಂದಿ ಹಾಡಿದರೂ ಬರೆದವನಲ್ಲಿ ಅದು ಕಡಿಮೆಯಾಗುವುದಿಲ್ಲ. ಹಕ್ಕುಸ್ವಾಮ್ಯವನ್ನು ಕಾನೂನು ಭೂಮಿಯ ಒಡೆತನದಂತೆ ಶಾಶ್ವತವಾಗಿ ಕೊಡದಿರುವುದು ಇದರಿಂದಲೇ. ಇಂಗ್ಲೆಂಡಿನ 1710ರ ಶಾಸನ ಹೊಸ ಪುಸ್ತಕಕ್ಕೆ 14 ವರ್ಷಗಳ ಹಕ್ಕನ್ನೂ, ಲೇಖಕ ಬದುಕಿದ್ದರೆ ಮತ್ತೆ 14 ವರ್ಷಗಳನ್ನೂ ಕೊಟ್ಟಿತ್ತು. ಅವಧಿ ಮುಗಿದ ಮೇಲೂ ಒಡೆತನ ಉಳಿಯುತ್ತದೆಂಬ ಲಂಡನ್ ಪುಸ್ತಕ ವ್ಯಾಪಾರಿಗಳ ವಾದವನ್ನು 1774ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಈಗ ಲೇಖಕ ತೀರಿಕೊಂಡ ಮೇಲೆ 60 ವರ್ಷ. ಮೊದಲು ಅದು 50 ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ ಹತ್ತು ವರ್ಷ ಬೆಳೆಸಲಾಯಿತು. (ಹಕ್ಕುಸ್ವಾಮ್ಯವಿರುವುದು ಲೇಖಕರು ಹೆಚ್ಚು ಬರೆಯಲೆಂದು ಎನ್ನುವವರು ಇದನ್ನು ಹೇಗೆ ಸಮರ್ಥಿಸುತ್ತಾರೋ ಕಾಣೆ.)

ಆದರೆ ನೀವು ಚಿತ್ರೀಕರಿಸಿದ್ದು ಮಹಾಭಾರತವನ್ನಲ್ಲ. ಕಥೆಗೆ ಒಡೆಯರಿಲ್ಲ, ಹಳೆಯ ಪ್ರಸಂಗದ (ಆಟಕ್ಕೆಂದು ಬರೆದ ಪದ್ಯಕೃತಿಯ) ಪದ್ಯಗಳಿಗೂ ಇಲ್ಲ. ಆದರೆ ಯಕ್ಷಗಾನದಲ್ಲಿ ಅರ್ಥ, ಅಂದರೆ ವೇಷಧಾರಿ ಆಡುವ ಸಂಭಾಷಣೆ, ಬರೆದಿಟ್ಟ ಮಾತಲ್ಲ, ಎದುರು ನಿಂತ ಪಾತ್ರ ಏನೆಂದಿತೋ ಅದಕ್ಕೆ ತಕ್ಕಂತೆ ಆ ರಾತ್ರಿ ರಂಗಸ್ಥಳದಲ್ಲೇ ಹುಟ್ಟಿದ ಮಾತು. ಇಂಥ ಪ್ರದರ್ಶನದ ಮೇಲೆ ಕಲಾವಿದನಿಗೇ ಸಲ್ಲುವ ಪ್ರತ್ಯೇಕ ಹಕ್ಕನ್ನು 1994ರ ತಿದ್ದುಪಡಿ ತಂದಿತು. ಅದರ ಅವಧಿ ಈಗ 50 ವರ್ಷ. ಸ್ವಂತ ಬಳಕೆಗೆ, ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗಾಗಿ ಮಾತ್ರ ಚಿತ್ರೀಕರಿಸಿಕೊಳ್ಳಲು ಕಾಯ್ದೆಯ 39ನೇ ಕಲಮಿನ ಪ್ರಕಾರ ಅಡ್ಡಿಯಿಲ್ಲ, ಲೋಕಕ್ಕೆಲ್ಲ ತೋರಿಸಲು ಒಪ್ಪಿಗೆ ಬೇಕು. ಹರಕೆ ಹೊತ್ತವರು ವೀಳ್ಯ (ಮೇಳದ ಸಂಭಾವನೆ) ಕೊಟ್ಟದ್ದು ಆ ರಾತ್ರಿಯ ಆಟಕ್ಕೆ, ವಿಡಿಯೊಗಲ್ಲ.

ನಿಮ್ಮ ಕರಾವಳಿಯದೇ ಮೊಕದ್ದಮೆಯೊಂದು ಇಲ್ಲಿ ಉಪಯುಕ್ತ. ಶಿವರಾಮ ಕಾರಂತರು ಯಕ್ಷಗಾನದಿಂದ ಬ್ಯಾಲೆಯ ಹೊಸ ರೂಪವೊಂದನ್ನು ಕಟ್ಟಿದ್ದರು. 1997ರಲ್ಲಿ ಅವರು ನಿಧನರಾದ ನಂತರ, 2001ರಲ್ಲಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿತು, ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿಯಿತಾದರೂ, ಹಣ ಪಡೆಯದೆ ಆಡಿಸುವಂಥ ಸಂದರ್ಭಗಳಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಗಳನ್ನು ಅಕಾಡೆಮಿಯೂ ಪಡೆಯಬಹುದೆಂದು ಹೇಳಿತು. ರಕ್ಷಣೆ ದೊರೆತದ್ದು ಕಾರಂತರು ಸೇರಿಸಿದ ಹೊಸತಿಗೆ. ಯಕ್ಷಗಾನವನ್ನೇ ನ್ಯಾಯಾಲಯ ಯಾರ ಹೆಸರಿಗೂ ಬರೆದುಕೊಡಲಿಲ್ಲ. ಈ ಗೆರೆ ಸರಿಯಾದ ಕಡೆಯಲ್ಲೇ ಬಿದ್ದಿದೆಯೆಂದು ನನ್ನ ಅಭಿಪ್ರಾಯ.

ವೇಷಧಾರಿಯ ಆಕ್ಷೇಪ ಹಣದ ಕುರಿತೇ ಇರಬೇಕೆಂದಿಲ್ಲ. ಗಂಟಲು ಕೈಕೊಟ್ಟ ರಾತ್ರಿಯ ಅಥವಾ ಹಾಸ್ಯದ ಭರದಲ್ಲಿ ಜಾರಿದ ಮಾತು ಹಿಂದೆ ಬೆಳಗಿನೊಂದಿಗೆ ಮುಗಿಯುತ್ತಿತ್ತು. ಈಗ ಅದೇ ಮಾತಿನ ಅರ್ಧ ನಿಮಿಷದ ತುಣುಕು ಸಂದರ್ಭ ಕಳಚಿಕೊಂಡು ವರ್ಷಗಟ್ಟಲೆ ಓಡಾಡುತ್ತದೆ. ತನ್ನ ಪ್ರದರ್ಶನವನ್ನು ವಿರೂಪಗೊಳಿಸಿ ಹೆಸರಿಗೆ ಧಕ್ಕೆ ತಂದರೆ ಆಕ್ಷೇಪಿಸುವ ಹಕ್ಕನ್ನು 2012ರ ತಿದ್ದುಪಡಿ ಕಲಾವಿದನಿಗೆ ಕೊಟ್ಟಿರುವುದು ಇಂಥದ್ದಕ್ಕೇ. ನೀವು ಏನನ್ನೂ ಕಿತ್ತುಕೊಳ್ಳಲಿಲ್ಲ, ನಿಜ. ಯಾವುದು ಉಳಿಯಬೇಕೆಂದು ಆಡಿದವನು ನಿರ್ಧರಿಸಬೇಕಾದಲ್ಲಿ ನೀವು ನಿರ್ಧರಿಸಿದಿರಿ.

ದೂರು ಸುಳ್ಳಾಗಿದ್ದರೆ ಬೇರೆ ಮಾತು. ಅದೇ ಕಾಯ್ದೆಯ 52ನೇ ಕಲಮಿನಂತೆ, ಲಿಖಿತ ದೂರು ಬಂದಾಗ ಜಾಲತಾಣ 21 ದಿನ ವಿಡಿಯೊವನ್ನು ತಡೆಹಿಡಿಯಬೇಕು, ಅಷ್ಟರಲ್ಲಿ ದೂರುದಾರ ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೋರಿಸಬಹುದು. ನಿಮ್ಮ ವಿಷಯದಲ್ಲಿ ಆ ದಾರಿ ಬೇಡ. ಮೇಳದ (ತಂಡದ) ಯಜಮಾನರನ್ನೂ ಪದ್ಯ ಹಾಡುವ ಭಾಗವತರನ್ನೂ ದೂರು ಕೊಟ್ಟ ವೇಷಧಾರಿಯನ್ನೂ ಕಂಡು, ಯಾವ ಭಾಗ ಇರಲಿ, ಯಾವುದು ಬೇಡವೆಂದು ಕೇಳಿ ಲಿಖಿತ ಒಪ್ಪಿಗೆ ಪಡೆಯಿರಿ.