ಕೂಗದೇ ಇದ್ದದ್ದು ನಿಮ್ಮ ತಪ್ಪಲ್ಲ

ತಂಗಿ, ಬಳ್ಳಾರಿಯಿಂದ ಸಿಂಧನೂರಿಗೆ ಬರುವ ರಾತ್ರಿ ಬಸ್ಸಿನಲ್ಲಿ ಪಕ್ಕದವನು ಮೈಮೇಲೆ ಕೈ ಹಾಕಿದಾಗ ದನಿಯೇ ಹೊರಡಲಿಲ್ಲ, ಕೈಕಾಲು ಕಲ್ಲಾದವು ಅಂತ ಬರೆದಿದ್ದೀರಿ. ಐದು ತಿಂಗಳಾದರೂ ನಿದ್ದೆಯಿಲ್ಲ, 'ಸುಮ್ನಿದ್ದೆ ಅಂದ್ರೆ ಒಪ್ಪಿಕೊಂಡ ಹಾಗಾಯ್ತಾ?' ಅಂತ ಕೇಳಿದ್ದೀರಿ. ಇಲ್ಲ. ಖಂಡಿತ ಇಲ್ಲ.

ಕೋಳಿಯನ್ನು ನೆಲಕ್ಕೆ ಒತ್ತಿ ಹಿಡಿದರೆ ಮೊದಲು ಒದ್ದಾಡುತ್ತದೆ. ಆಮೇಲೆ ಕೈ ಬಿಟ್ಟರೂ ಸ್ವಲ್ಪ ಹೊತ್ತು ಅಲ್ಲಾಡದೆ ಬಿದ್ದಿರುತ್ತದೆ, ನೋಡಿದ್ದೀರಲ್ವಾ? ಅದೇನು ಬೇಕಂತ ಮಾಡುವುದಲ್ಲ. ಭಯ ಮಿತಿಮೀರಿ, ತಪ್ಪಿಸಿಕೊಳ್ಳಲು ದಾರಿಯೇ ಕಾಣದಾಗ ಮನುಷ್ಯರ ಮೈಯೂ ಹಾಗೇ ಮರಗಟ್ಟುತ್ತದೆ. ಎಚ್ಚರ ಇರುತ್ತದೆ, ಎಲ್ಲ ಗೊತ್ತಾಗುತ್ತದೆ, ಮೈ ಮಾತ್ರ ಮಾತು ಕೇಳುವುದಿಲ್ಲ. ಡಾಕ್ಟರುಗಳು ಇದನ್ನು ಟಾನಿಕ್ ಇಮ್ಮೊಬಿಲಿಟಿ ಅಂತಾರೆ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಚಿಕಿತ್ಸೆಗೆ ಬಂದ 298 ಮಹಿಳೆಯರನ್ನು ವಿಚಾರಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 70ರಷ್ಟು ಮಂದಿಗೆ ಹೀಗೇ ಆಗಿತ್ತು! ಇಂಥವರಲ್ಲಿ ಆರು ತಿಂಗಳ ನಂತರ ಪಿಟಿಎಸ್‌ಡಿ, ಅಂದರೆ ಆಘಾತ ಮುಗಿದರೂ ಮನಸ್ಸನ್ನು ಬಿಡದ ಕಾಯಿಲೆ, ಜಾಸ್ತಿ ಕಂಡುಬಂತು.

ಮನೆಯವರು 'ಒದರಬೇಕಿತ್ತು' ಅಂದದ್ದು ಓದಿ ಸಂಕಟವಾಯಿತು. ಮೈ ಮರಗಟ್ಟಿದ್ದು ಒಂದು ಗಾಯ, ಈ ಮಾತು ಅದರ ಮೇಲೆ ಇನ್ನೊಂದು. ತಮ್ಮನ್ನೇ ಬೈದುಕೊಳ್ಳುವವರಿಗೆ ಚೇತರಿಕೆ ಕಷ್ಟವಾಗುತ್ತದೆ.

ಬೆಚ್ಚಿ ಏಳುವುದು, ಬಸ್ ಸ್ಟ್ಯಾಂಡ್ ಕಡೆ ಹೋಗಲಾಗದಿರುವುದು ಪಿಟಿಎಸ್‌ಡಿ ಲಕ್ಷಣ ಇರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ರಾಯಚೂರಿನಲ್ಲಿ ಮನೋವೈದ್ಯರನ್ನು ನೋಡಿ. ಮೊದಲು ಫೋನಿನಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅಕ್ಕ ಒಬ್ಬರು ನಿಮ್ಮನ್ನು ನಂಬಿದರು ಅಂತ ಬರೆದಿದ್ದೀರಲ್ಲ, ಡಾಕ್ಟರ ಹತ್ತಿರ ಹೋಗುವಾಗ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.