ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಆಗಬೇಕಿಲ್ಲ

ಮಾನ್ಯ ಸೋದರಿಯವರಿಗೆ,

ಹದಿನೈದು ವರ್ಷಗಳಿಂದ ಕುಡಿಯುತ್ತಿರುವ ನಿಮ್ಮ ಅಣ್ಣ ಊಟ ಮಾಡದೆ ಮಲಗಿ, ಬೆಳಗಿನ ಜಾವ ಮೈಯೆಲ್ಲ ಬೆವತು ಎಚ್ಚರ ತಪ್ಪಿದ್ದನ್ನೂ, ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಸಕ್ಕರೆ 42ಕ್ಕೆ ಕುಸಿದಿದ್ದುದನ್ನೂ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು 58,000ಕ್ಕೆ ಇಳಿದಿರುವುದರಿಂದ ಡೆಂಗಿಯೆಂದು ಭಾವಿಸಿ ಪಪ್ಪಾಯಿ ಎಲೆಯ ರಸವನ್ನೂ ಕಬ್ಬಿಣಾಂಶದ ಮಾತ್ರೆಯನ್ನೂ ಕೊಡುತ್ತಿರುವುದನ್ನೂ ಬರೆದಿದ್ದೀರಿ. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಹೀಗಾಗುವುದೇ ಎಂದು ಕೇಳಿದ್ದೀರಿ.

ಆಗುತ್ತದೆ. ಹೊಟ್ಟೆ ಖಾಲಿಯಿರುವಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಮುಖ್ಯವಾಗಿ ಯಕೃತ್ತು (ಲಿವರ್). ಮೊದಲು ತಾನು ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ನನ್ನು ಕರಗಿಸುತ್ತದೆ, ಅದು ತೀರಿದ ಮೇಲೆ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ. ಸರಿಯಾಗಿ ಉಣ್ಣದೆ ಕುಡಿಯುವವರಲ್ಲಿ ಆ ದಾಸ್ತಾನು ಬರಿದಾಗಿರುತ್ತದೆ, ಮದ್ಯವನ್ನು ಅರಗಿಸುವ ಕ್ರಿಯೆಯೇ ಹೊಸ ತಯಾರಿಕೆಗೆ ಅಡ್ಡಿಯಾಗುತ್ತದೆ. ತೊದಲುವುದನ್ನೂ ತೂಕಡಿಸುವುದನ್ನೂ ಕಂಡು ‘ಇನ್ನೂ ಅಮಲು ಇಳಿದಿಲ್ಲ’ ಎಂದು ಮನೆಯವರು ಕಂಬಳಿ ಹೊದಿಸಿ ಸುಮ್ಮನಾಗುವುದೇ ಇದರಲ್ಲಿನ ದೊಡ್ಡ ಅಪಾಯ. ಎಚ್ಚರವಿಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕದೆ 108ಕ್ಕೆ ಕರೆ ಮಾಡಿ. ಕುಡಿತದ ವಿಷಯವನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ಏಕೆಂದರೆ ಇಂಥವರಿಗೆ ಗ್ಲೂಕೋಸಿನ ಜೊತೆ ಥಯಾಮಿನ್ (ಬಿ1 ಜೀವಸತ್ವ) ಕೊಡದೆ ಹೋದರೆ ಮಿದುಳಿಗೆ ಪೆಟ್ಟಾಗಬಹುದು.

ಇನ್ನು ಪ್ಲೇಟ್‌ಲೆಟ್. ನಿಮ್ಮ ಪತ್ರದಲ್ಲಿ ಜ್ವರದ ಮಾತೇ ಇಲ್ಲ. ಪ್ಲೇಟ್‌ಲೆಟ್ ತಯಾರಾಗುವ ಅಸ್ಥಿಮಜ್ಜೆಯನ್ನು ಮದ್ಯ ನೇರವಾಗಿ ಕುಗ್ಗಿಸುತ್ತದೆ. ಗಡುಸಾದ ಯಕೃತ್ತಿನಲ್ಲಿ ರಕ್ತ ಸರಾಗವಾಗಿ ಹರಿಯದಾದಾಗ ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ಕುಡಿತ ಬಿಟ್ಟ ಒಂದೆರಡು ವಾರಗಳಲ್ಲಿ ಎಣಿಕೆ ಏರಿದರೆ ಮಜ್ಜೆ ಚೇತರಿಸಿಕೊಂಡಿತೆಂದು ತಿಳಿಯಬಹುದು, ಏರದಿದ್ದರೆ ಗುಲ್ಮದ ಮೇಲೆ ಸಂಶಯ ಬರುತ್ತದೆ. ಎರಡಕ್ಕೂ ಪಪ್ಪಾಯಿ ಎಲೆ ಮದ್ದಲ್ಲ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆಯೆಂದೂ ಬರೆದಿದ್ದೀರಿ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಬಹುಪಾಲನ್ನು ತಯಾರಿಸುವುದೂ ಯಕೃತ್ತೇ ಆದ್ದರಿಂದ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್ಆರ್ ಪರೀಕ್ಷೆಯನ್ನೂ ಮಾಡಿಸುವುದು ಒಳಿತು. ಮೈಕೈ ನೋವೆಂದು ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿಸಬೇಡಿ, ಅದರಿಂದ ರಕ್ತಸ್ರಾವ ಹೆಚ್ಚಬಹುದು.

ನೀವು ಕಳುಹಿಸಿದ ವರದಿಯಲ್ಲಿ ಕೆಂಪು ರಕ್ತಕಣದ ಸರಾಸರಿ ಗಾತ್ರವನ್ನು ಹೇಳುವ ಎಂಸಿವಿ 106 ಇದೆ, ಅಂದರೆ ಕೆಂಪು ಕಣಗಳು ದಪ್ಪವಾಗಿವೆ. ಕಬ್ಬಿಣಾಂಶ ಕಡಿಮೆಯಾದರೆ ಕಣಗಳು ಸಾಮಾನ್ಯವಾಗಿ ಸಣ್ಣದಾಗುತ್ತವೆ. ದಪ್ಪವಾಗುವುದು ಹೆಚ್ಚಾಗಿ ಮದ್ಯದಿಂದ, ಇಲ್ಲವೇ ಫೋಲಿಕ್ ಆಮ್ಲ ಅಥವಾ ಬಿ12 ಕೊರತೆಯಿಂದ. ಆದ್ದರಿಂದ ವೈದ್ಯರನ್ನು ಕೇಳದೆ ಕಬ್ಬಿಣಾಂಶದ ಮಾತ್ರೆಯನ್ನು ಮುಂದುವರಿಸಬೇಡಿ.

ಕಡೆಯದಾಗಿ, ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರುವ ಸಂಭವವಿದೆ. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಅದು ಒಳಗೆ ರಕ್ತ ಸೋರುತ್ತಿರುವ ಸೂಚನೆಯಾಗಿರಬಹುದು, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.

– ಸಂಪಾದಕ